ಬೇರೆ ಗ್ರಹದವರ ಮಾತು ಕಾದಂಬರಿಯಲ್ಲಿ ಎಷ್ಟಿರಬೇಕು? ಕ್ಲಿಂಗನ್ ಕಾದಂಬರಿ ಓದಿದವರು ಹೇಳಿ

ಹೊಸ ಬರಹಗಾರ, ಹಾಸನ

ಎಲ್ಲರಿಗೂ ನಮಸ್ಕಾರ. ಕನ್ನಡದಲ್ಲಿ ಒಂದು ವಿಜ್ಞಾನ ಕಾದಂಬರಿ ಬರೆಯುತ್ತಿದ್ದೇನೆ. ಅದರಲ್ಲಿ ಬೇರೆ ಗ್ರಹದ ಜನ ಬರುತ್ತಾರೆ. ಅವರಿಗೆ ಅವರದೇ ಭಾಷೆ ಇದೆ, ಒಂದಷ್ಟು ಪದ ನಾನೇ ಕಟ್ಟಿದ್ದೇನೆ. ಕರಡು ಓದಿದ ಗೆಳೆಯರು ತಲೆ ಕೆಟ್ಟುಹೋಯಿತು ಅಂತಾರೆ. ಸ್ಟಾರ್ ಟ್ರೆಕ್ ಅನ್ನುವ ಟಿವಿ, ಸಿನಿಮಾ ಸರಣಿಯ ಕಾದಂಬರಿಗಳಲ್ಲಿ ಕ್ಲಿಂಗನ್ ಅನ್ನುವ ಬೇರೆ ಗ್ರಹದ ಯೋಧರ ಪದಗಳು, ಹೆಸರುಗಳು ಧಾರಾಳವಾಗಿ ಬಂದರೂ ಜನ ಖುಷಿಯಿಂದ ಓದುತ್ತಾರಂತೆ. ಅಲ್ಲಿ ಹೇಗೆ ನಿಭಾಯಿಸಿದ್ದಾರೆ? ಓದಿದವರು ದಯವಿಟ್ಟು ಹೇಳಿ. ನನ್ನ ಒಂದು ಸಾಲು ಹೀಗಿದೆ:

"ಜೊರ್ಖ್ ತನ್ನ ಥ್ರೆಲ್ಲಾದ ಮೇಲೆ ಕೂತು ಮಿಶ್ಶಾ ಹೀರುತ್ತಾ ಉಫ್ತಾನನ್ನು ಕರೆದ."

ಸುಮ್ನೆ ಓದೋನು

ಥ್ರೆಲ್ಲಾ ಅಂದ್ರೆ ಕುರ್ಚಿನಾ, ಕುದುರೆನಾ?

ಹೊಸ ಬರಹಗಾರ, ಹಾಸನ

ಕುರ್ಚಿ ಸರ್. ಮಿಶ್ಶಾ ಒಂದು ಥರ ಕಷಾಯ. ಉಫ್ತಾ ಅವನ ಆಳು.

ಹಳೇ ಟ್ರೆಕ್ಕಿ, ಮೈಸೂರು

ಕುರ್ಚಿಗೆ ಕುರ್ಚಿ ಅಂತಲೇ ಬರೆಯಿರಿ ಮಾರಾಯ್ರೇ. ಕ್ಲಿಂಗನ್ ಕಾದಂಬರಿ ಬರೆದ ಪಳಗಿದವರು ಯಾರೂ ಕುರ್ಚಿ, ಬಾಗಿಲು, ಕಿಟಕಿಗೆಲ್ಲ ಕ್ಲಿಂಗನ್ ಪದ ಹಾಕುವುದಿಲ್ಲ. ಯಾವ ಪದ ತೆಗೆದರೆ ಕಥೆಯೇ ಊನವಾಗುತ್ತದೋ ಅದನ್ನು ಮಾತ್ರ ಉಳಿಸಿಕೊಳ್ಳುತ್ತಾರೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಇದು ನನಗೆ ಇಷ್ಟದ ವಿಷಯ.

ಮೊದಲು ಗೊತ್ತಿರಬೇಕಾದ್ದು, ಕಾದಂಬರಿಗಳಲ್ಲಿ ಕ್ಲಿಂಗನ್ ಒಂದಲ್ಲ, ಎರಡು. 1979ರ ಮೊದಲ ಸಿನಿಮಾಕ್ಕೆ ಹಡಗಿನ ಎಂಜಿನಿಯರ್ ಸ್ಕಾಟಿಯ ಪಾತ್ರ ಮಾಡಿದ ಜೇಮ್ಸ್ ಡೂಹನ್ ಒಂದಷ್ಟು ಮಾತು ಕಟ್ಟಿಕೊಟ್ಟಿದ್ದರು. 1984ರ ಮೂರನೇ ಸಿನಿಮಾಕ್ಕೆ ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್ ಅದನ್ನೇ ತಳಪಾಯ ಮಾಡಿಕೊಂಡು ವ್ಯಾಕರಣ ಸಮೇತ ಪೂರ್ತಿ ಭಾಷೆ ಮಾಡಿದರು. ಅವರ ನಿಘಂಟು ಬಂದದ್ದು 1985ರಲ್ಲಿ. ಆದರೆ ಅದೇ 1984ರಲ್ಲಿ ಜಾನ್ ಎಂ. ಫೋರ್ಡ್ ಅವರ 'ದ ಫೈನಲ್ ರಿಫ್ಲೆಕ್ಷನ್' ಕೂಡ ಬಂತು. ಫೋರ್ಡ್ ಕೈಯಲ್ಲಿ ಯಾವ ನಿಘಂಟೂ ಇರಲಿಲ್ಲ. 'ಕ್ಲಿಂಗೊನಾಸೆ' ಅಂತ ತಮ್ಮದೇ ಒಂದು ಭಾಷೆ ಮಾಡಿಕೊಂಡರು. ಅದಕ್ಕೂ ಓಕ್ರಾಂಡ್ ಭಾಷೆಗೂ ಸಂಬಂಧವೇ ಇಲ್ಲ.

ನಿಮ್ಮ ಕೆಲಸಕ್ಕೆ ಬರುವವರು ಫೋರ್ಡ್. ಅವರ ಕಾದಂಬರಿಯಲ್ಲಿ 'ಕೊಮೆರೆಕ್ಸ್' ಅಂತ ಒಂದು ಪದ ಇದೆ. ಬೆಳೆಯುತ್ತಲೇ ಇರುವ ರಚನೆ ಅಂತ ಅರ್ಥ. ಅದಕ್ಕೆ ಎದುರು 'ಖೆಸ್ಟೆರೆಕ್ಸ್', ಸಾಯುತ್ತಿರುವ ರಚನೆ. ಆ ಜನ ತಮ್ಮ ಸಾಮ್ರಾಜ್ಯವನ್ನು ಕರೆಯುವುದೇ ಕೊಮೆರೆಕ್ಸ್ ಅಂತ. ಅಂದರೆ ಬೆಳೆಯುವುದು ನಿಂತರೆ ಅದು ಸಾಮ್ರಾಜ್ಯವೇ ಅಲ್ಲ, ಹೆಣ. ಅವರು ಯಾಕೆ ಮೇಲಿಂದ ಮೇಲೆ ಯುದ್ಧಕ್ಕೆ ಹೋಗುತ್ತಾರೆ ಅಂತ ಪುಟಗಟ್ಟಲೆ ವಿವರಿಸುವ ಕೆಲಸ ಫೋರ್ಡ್‌ಗೆ ಉಳಿಯುವುದಿಲ್ಲ. ಬರೀ 'ಸಾಮ್ರಾಜ್ಯ' ಅಂತ ಬರೆದಿದ್ದರೆ ಇದು ಸಿಗುತ್ತಿತ್ತಾ?

ಹೆಸರುಗಳ ವಿಷಯದಲ್ಲಂತೂ ಫೋರ್ಡ್ ಇನ್ನೂ ಜಾಣ. ನಾಯಕ ಮೊದಲು ವ್ರೆನ್ ಅನ್ನುವ ಅನಾಥ ಹುಡುಗ, ಗೆನ್ಸಾ ಅನ್ನುವ ಮನೆಯಲ್ಲಿ ಬೆಳೆಯುತ್ತಾನೆ. ದೊಡ್ಡ ನೌಕಾಧಿಪತಿ ಕೆಥಾಸ್ ಅವನನ್ನು ಸಾಕುಮಗ ಮಾಡಿಕೊಂಡಾಗ ವ್ರೆನ್ ಖೆಮಾರಾ ಆಗುತ್ತಾನೆ. ಮುಂದೆ ಹೆಸರೇ ಕ್ರೆನ್ ಅಂತ ಬದಲಾಗಿ, ರುಸ್ತಾಜ್ ಅನ್ನುವ ವಂಶನಾಮ ಬಂದು, ನಡುವೆ 'ಸುತಾಯ್' ಅಂತ ಗೌರವದ ತುಣುಕು ಸೇರುತ್ತದೆ. ಕಾದಂಬರಿಯಲ್ಲಿ ಆ ತುಣುಕುಗಳ ಪಟ್ಟಿಯನ್ನು ಫೋರ್ಡ್ ಕೊಡುವುದಿಲ್ಲ. ಯಾರು ಯಾರಿಗೆ ತಲೆ ಬಾಗಿಸುತ್ತಾರೆ ಅಂತ ನೋಡುತ್ತಾ ಹೋದರೆ 'ಎಪೆತಾಯ್' ಇರುವವನು 'ಸುತಾಯ್'ಗಿಂತ ದೊಡ್ಡವನು ಅಂತ ತಾನಾಗಿಯೇ ತಿಳಿಯುತ್ತದೆ. ನಿಮ್ಮ ಉಫ್ತಾಗೆ ಮೊದಲ ಅಧ್ಯಾಯದಲ್ಲಿ ಒಂದು ಹೆಸರು, ಆಳುತನದಿಂದ ಬಿಡುಗಡೆ ಆದ ಮೇಲೆ ಇನ್ನೊಂದು ಅಂತ ಮಾಡಿ ನೋಡಿ.

ಆಮೇಲೆ ಬಂದ ಲೇಖಕರು ಹೆಚ್ಚಾಗಿ ಓಕ್ರಾಂಡ್ ದಾರಿ ಹಿಡಿದರು. ಕೀತ್ ಡಿಕ್ಯಾಂಡಿಡೊ ಅವರ 'ಡಿಪ್ಲೊಮ್ಯಾಟಿಕ್ ಇಂಪ್ಲಾಸಿಬಿಲಿಟಿ' (2001) ಓದಿ. ಅದರಲ್ಲಿ ಒಂದು ಹಿಮದ ಗ್ರಹ ಬರುತ್ತದೆ, ಹೆಸರು 'ತಡ್'. ಕ್ಲಿಂಗನ್‌ನಲ್ಲಿ ಹಾಗಂದರೆ ಹೆಪ್ಪುಗಟ್ಟಿರುವುದು. ಗೆದ್ದವರು ಬಂದು, ಚಳಿ ನೋಡಿ, ಅದನ್ನೇ ಹೆಸರು ಮಾಡಿಬಿಟ್ಟಿದ್ದಾರೆ. ನಿಘಂಟು ಗೊತ್ತಿಲ್ಲದವನಿಗೆ ಅದು ಒಂದು ಊರಿನ ಹೆಸರು ಅಷ್ಟೇ, ಓದು ನಿಲ್ಲುವುದಿಲ್ಲ. ಗೊತ್ತಿದ್ದವನು ಒಳಗೊಳಗೇ ನಗುತ್ತಾನೆ. ಅದೇ ಪುಸ್ತಕದಲ್ಲಿ 'ಜೆಘ್‌ಪು'ವಿ'' ಅಂತ ಇನ್ನೊಂದು ಪದ. ಜೆಘ್ ಅಂದರೆ ಶರಣಾಗು, ಪು' ಅಂದರೆ ಮುಗಿದ ಕೆಲಸ, ವಿ' ಅಂದರೆ ಮಾಡಿದವನು. ಶರಣಾದವರು. ಸೋತ ಗ್ರಹಗಳ ಜನಕ್ಕೆ ಆ ಹೆಸರು. ಅವರು ಪೂರ್ತಿ ಗುಲಾಮರೂ ಅಲ್ಲ, ಪ್ರಜೆಗಳೂ ಅಲ್ಲ. ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಒಂದು ಪದ ಇಲ್ಲ, ಹಾಗಾಗಿ ಕ್ಲಿಂಗನ್ ಪದಕ್ಕೆ ಅಲ್ಲಿ ಕೆಲಸ ಇದೆ. ಹಡಗಿನ ಕ್ಯಾಪ್ಟನ್ ಮಾತ್ರ ಕ್ಯಾಪ್ಟನ್ನೇ. ಕ್ಲಿಂಗನ್‌ನಲ್ಲಿ ಅದಕ್ಕೂ ಪದ ಇದೆ, ಆದರೂ ಬಳಸುವುದಿಲ್ಲ.

ನಿಮ್ಮ ಸಾಲನ್ನು ನಾನಾದರೆ ಹೀಗೆ ಬರೆಯುತ್ತೇನೆ: "ಜೊರ್ಖ್ ಕುರ್ಚಿಯಲ್ಲಿ ಕೂತ. ಬಟ್ಟಲಿನಲ್ಲಿ ಮಿಶ್ಶಾ ಆರಿಹೋಗಿತ್ತು. 'ಉಫ್ತಾ!' ಅಂತ ಕೂಗಿದ." ಮಿಶ್ಶಾ ಬಿಸಿಯಾಗಿ ಕುಡಿಯುವಂಥದ್ದು ಅಂತ 'ಬಟ್ಟಲು', 'ಆರಿಹೋಗಿತ್ತು' ಎರಡೇ ಹೇಳುತ್ತವೆ. ಆವರಣದೊಳಗೆ ಅರ್ಥ ಕೊಡಬೇಡಿ, ಅದು ಪಠ್ಯಪುಸ್ತಕದ ಚಾಳಿ.

ನುಕ್‌ನೆಖ್, ಸ್ಯಾನ್ ಹೋಸೆ

ನಾನು ಕ್ಲಿಂಗನ್ ಕಲಿಯುತ್ತಿರುವವಳು. ಮೈಸೂರಿನ ಸರ್ ಹೇಳಿದ್ದು ಸರಿ, ಆದರೆ ಕಾಗುಣಿತದ ಗೋಳು ಅವರು ಹೇಳಲಿಲ್ಲ.

ಓಕ್ರಾಂಡ್ ಪದ್ಧತಿಯಲ್ಲಿ ಕ್ಲಿಂಗನ್ ಬರೆಯುವುದು ಇಂಗ್ಲಿಷ್ ಅಕ್ಷರದಲ್ಲಿ, ಆದರೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ ಸದ್ದು. ಸಣ್ಣ ಕ್ಯೂ ಅಂದರೆ ಗಂಟಲಾಳದ ಕ. ದೊಡ್ಡ ಕ್ಯೂ ಅಂದರೆ ಅದನ್ನೇ ಕ್ಯಾಕರಿಸಿ ಹೇಳುವುದು. ಡಿ, ಎಸ್, ಎಚ್, ಐ ಯಾವಾಗಲೂ ದೊಡ್ಡವೇ. ಹಾಗಾಗಿ ತಡ್ ಗ್ರಹದ ಹೆಸರಲ್ಲಿ ಮೊದಲ ಟಿ ಸಣ್ಣದು, ಕೊನೆಯ ಡಿ ದೊಡ್ಡದು. ಊರಿನ ಹೆಸರು ದೊಡ್ಡಕ್ಷರದಿಂದ ಶುರುವಾಗಬೇಕು ಅನ್ನುವ ಇಂಗ್ಲಿಷ್ ಅಭ್ಯಾಸಕ್ಕೆ ನೇರ ಉಲ್ಟಾ! ಆ ಪುಸ್ತಕದಲ್ಲಿ ಅದನ್ನು ಹಾಗೇ ಉಳಿಸಿಕೊಂಡಿದ್ದಾರೆ.

ಟಿವಿಯವರು ಬರೆಯುವ ರೀತಿ ಬೇರೆ. ಚಿತ್ರಕಥೆಯವರು ಕಿವಿಗೆ ಚೆಂದ ಅನಿಸಿದ ಹಾಗೆ ಬರೆದರು, ಓಕ್ರಾಂಡ್ ಆಮೇಲೆ ತಮ್ಮ ಸದ್ದುಗಳಿಗೆ ಹೊಂದಿಸಿದರು. ಟಿವಿಯ 'ಬ್ಯಾಟ್‌ಲೆತ್' ಕತ್ತಿ ನಿಘಂಟಿನಲ್ಲಿ 'ಬೆತ್ಲೆಖ್'. ವರ್ಫ್ ಅನ್ನುವ ಪಾತ್ರ 'ವೊ'ರಿವ್'. ಕ್ಲಿಂಗನ್ನರ ಪುರಾಣಪುರುಷ ಕಾಹ್ಲೆಸ್ 'ಕೇಲಿಷ್'. ಕಾದಂಬರಿಕಾರರು ಸಾಮಾನ್ಯವಾಗಿ ವರ್ಫ್, ಬ್ಯಾಟ್‌ಲೆತ್ ಥರದ ಪರಿಚಯದ ಹೆಸರನ್ನು ಟಿವಿ ರೂಪದಲ್ಲೇ ಬಿಡುತ್ತಾರೆ. ತಾವೇ ಹೊಸದಾಗಿ ತರುವ ಪದಕ್ಕೆ ನಿಘಂಟಿನ ರೂಪ ಹಾಕುತ್ತಾರೆ. ಒಂದೇ ಪುಟದಲ್ಲಿ ಎರಡೂ ಪದ್ಧತಿ ಇರುತ್ತವೆ. ಶುದ್ಧವಾಗಿಲ್ಲ ಅಂತ ನಮ್ಮಂಥವರು ಗೊಣಗುತ್ತೇವೆ. ಆದರೆ ವರ್ಫ್ ಅಂತ ಓದಿ ಬೆಳೆದವರ ಕೈಗೆ ದಿಢೀರನೆ ವೊ'ರಿವ್ ಅಂತ ಕೊಟ್ಟರೆ ಪುಸ್ತಕ ಮುಚ್ಚಿಡುತ್ತಾರೆ, ಅಲ್ವಾ?

ತಮಾಷೆ ಗೊತ್ತಾ? ಟಿವಿ, ಸಿನಿಮಾದ ಎಷ್ಟೋ ಕ್ಲಿಂಗನ್ನರ ಹೆಸರು ಕ ಕಾರದ್ದು. ಕೋರ್, ಕೊಲೊತ್, ಕ್ಯಾಂಗ್, ಕ್ರೂಗ್, ಕುರ್ನ್. ಆದರೆ ಓಕ್ರಾಂಡ್ ಭಾಷೆಯಲ್ಲಿ ನಾವು ಹೇಳುವ ಸಾದಾ 'ಕ' ಸದ್ದೇ ಇಲ್ಲ.

ಇನ್ನು ಹೆಸರಿನ ನಡುವಿನ ಆ ಮೇಲ್ಗುರುತು ('). ಕ್ಲಿಂಗನ್‌ನಲ್ಲಿ ಅದು ಅಲಂಕಾರ ಅಲ್ಲ, ಒಂದು ವ್ಯಂಜನ. ಗಂಟಲು ಟಪ್ ಅಂತ ಮುಚ್ಚಿ ತೆರೆಯುವ ಸದ್ದು. ಇಂಗ್ಲಿಷ್ ಲೇಖಕರು ಬಿ'ಎಲಾನಾ ಥರದ ಹೆಸರಲ್ಲಿ ಅದನ್ನು ಬರೀ ಪರಕೀಯವಾಗಿ ಕಾಣಲಿ ಅಂತ ಹಾಕುತ್ತಾರೆ, ನಟರು ಉಚ್ಚರಿಸುವುದೂ ಇಲ್ಲ. ನೀವು ಸುಮ್ನೆ ಶೋಕಿಗೆ ಹಾಕಬೇಡಿ.

ಕನ್ನಡ ಲಿಪಿಗೆ ಇಲ್ಲಿ ಒಂದು ಅನುಕೂಲ ಇದೆ. ಕ್ಲಿಂಗನ್‌ನ ದೊಡ್ಡ ಡಿ ನಾಲಿಗೆ ಮಡಚಿ ಹೇಳುವ ನಮ್ಮ ಡ. ದೊಡ್ಡ ಎಸ್ ಹೆಚ್ಚುಕಡಿಮೆ ನಮ್ಮ ಷ. ಇಂಗ್ಲಿಷ್ ಓದುಗನಿಗೆ ಪುಟಗಟ್ಟಲೆ ವಿವರಿಸಬೇಕಾದ್ದು ನಮಗೆ ಒಂದೇ ಅಕ್ಷರ.

ಕರಡು ತಿದ್ದುವವಳು

ನನ್ನ ಕಷ್ಟ ಬೇರೆ. ನಾನು ಅನುವಾದಗಳ ಕರಡು ತಿದ್ದುತ್ತೇನೆ. ಪರಕೀಯ ಹೆಸರು ಬಂದಾಗ ವಿಭಕ್ತಿ ಹಚ್ಚುವುದೇ ತಲೆನೋವು. ವರ್ಫ್‌ನ, ವರ್ಫನ, ವರ್ಫಿನ ಮೂರೂ ಒಂದೇ ಹಸ್ತಪ್ರತಿಯಲ್ಲಿ ಬಂದರೆ ಏನು ಮಾಡೋದು? ಬರೆಯಲು ಶುರು ಮಾಡುವ ಮೊದಲೇ ಒಂದು ಹಾಳೆಯಲ್ಲಿ ಪ್ರತಿ ಹೆಸರಿನ ಮುಂದೆ 'ಅನ್ನು, ಇಗೆ, ಅ' ರೂಪ ಬರೆದು ಗೋಡೆಗೆ ಅಂಟಿಸಿಕೊಳ್ಳಿ. ವ್ಯಂಜನದಲ್ಲಿ ಮುಗಿಯುವ ಹೆಸರು ಜಾಸ್ತಿ ಇಟ್ಟಷ್ಟೂ ಕಷ್ಟ ಜಾಸ್ತಿ. ಜೊರ್ಖ್‌ಗೆ, ಜೊರ್ಖಿಗೆ, ಜೊರ್ಖನಿಗೆ... ನಾನಾದರೆ 'ಜೊರ್ಖಾ' ಮಾಡಿಬಿಡುತ್ತಿದ್ದೆ.

ಆದರೆ ಇದೇ ವಿಭಕ್ತಿ ನಿಮ್ಮ ಕಡೆಗೂ ಕೆಲಸ ಮಾಡುತ್ತದೆ. 'ಉಫ್ತಾನನ್ನು' ಅಂದ ಕೂಡಲೇ ಅದು ಗಂಡಸು ಅಂತ ನನಗೆ ಗೊತ್ತಾಯಿತು. 'ಉಫ್ತಾವನ್ನು' ಅಂದಿದ್ದರೆ ವಸ್ತುವೋ ಪ್ರಾಣಿಯೋ ಅಂದುಕೊಳ್ಳುತ್ತಿದ್ದೆ. ನೀವು ಒಂದಕ್ಷರವೂ ವಿವರಿಸಲಿಲ್ಲ.

ನುಕ್‌ನೆಖ್, ಸ್ಯಾನ್ ಹೋಸೆ

ಮೇಡಂ, ಕ್ಲಿಂಗನ್‌ನಲ್ಲೂ ಇಂಥದ್ದೇ ಒಂದಿದೆ! ಮಾತಾಡಬಲ್ಲ ಜೀವಿಗಳಿಗೆ ಬಹುವಚನ 'ಪು'' (ಕ್ರಿಯಾಪದಕ್ಕೆ ಹಚ್ಚುವ ಪು' ಬೇರೆ), ಮೈಯ ಅಂಗಗಳಿಗೆ 'ಡು'', ಉಳಿದದ್ದಕ್ಕೆ 'ಮೇ'. 'ನನ್ನ' ಅನ್ನುವುದಕ್ಕೂ ಮಾತಾಡಬಲ್ಲವರಿಗೆ ಒಂದು ಪ್ರತ್ಯಯ, ಉಳಿದದ್ದಕ್ಕೆ ಇನ್ನೊಂದು; ಕಥೆಯಲ್ಲಿ ಒಬ್ಬ ಕ್ಲಿಂಗನ್ ತನ್ನ ಆಳಿಗೆ ಬೇಕೆಂದೇ ಎರಡನೆಯದನ್ನು ಹಚ್ಚಿ ಮಾತಾಡಿದರೆ ಎಂಥ ಅವಮಾನ ನೋಡಿ. ಇಂಗ್ಲಿಷ್ ಕಾದಂಬರಿಗಳು ಹೆಚ್ಚಾಗಿ ಕೊನೆಗೆ ಒಂದು 'ಸ್' ಅಂಟಿಸಿ ಬ್ಯಾಟ್‌ಲೆತ್ಸ್ ಅಂತ ಮುಗಿಸುತ್ತವೆ. ಕನ್ನಡದಲ್ಲಿ ನಿಮಗೆ 'ಅವರು ಬಂದರು', 'ಅವು ಬಂದವು' ಎರಡೂ ಇವೆ. ಆಳುಗಳ ಬಗ್ಗೆ ಧಣಿಗಳು 'ಅವು ಬಂದವು' ಅನ್ನಲಿ. ಹೊಸ ಪದವೇ ಬೇಡ.

ಸುಮ್ನೆ ಓದೋನು

ಇದು ಚೆನ್ನಾಗಿದೆ. ನನ್ನ ದೂರು ಒಂದೇ. ಕ್ಲಿಂಗನ್ ಕಾದಂಬರಿಯಲ್ಲಿ ಯಾರು ಯಾರು ಅಂತ ನೆನಪಿಟ್ಟುಕೊಳ್ಳೋಕೆ ಆಗಲ್ಲ. ಒಂದು ಹಡಗಿನಲ್ಲಿ ಅರ್ಧ ಜನದ ಹೆಸರು ಕ ದಿಂದ ಶುರು. ಇಂಥವನ ಮಗ, ಇಂಥ ಮನೆತನದವನು ಅಂತ ಬಂದರೆ ಮಾತ್ರ ಬಚಾವ್. ಮೋಗ್‌ನ ಮಗ ವರ್ಫ್, ಮಾರ್ಟಾಕ್ ಮನೆತನ, ಹೀಗೆ. ನಮ್ಮೂರ ಕಡೆ ಮನೆತನದ ಹೆಸರು ಹಿಡಿದೇ ಗುರುತಿಸೋದು ರೂಢಿ, ಹಾಗಾಗಿ ಸಲೀಸು. ನಿಮ್ಮ ಪಾತ್ರಗಳ ಹೆಸರಿನ ಮೊದಲ ಅಕ್ಷರ ಬೇರೆ ಬೇರೆ ಇರಲಿ ಗುರು, ಅಷ್ಟು ಮಾಡಿ.

ಹೊಸ ಬರಹಗಾರ, ಹಾಸನ

ಎಲ್ಲರಿಗೂ ಧನ್ಯವಾದ. ಥ್ರೆಲ್ಲಾ ತೆಗೆದೆ. 'ಅವು ಬಂದವು' ಉಪಾಯ ಈಗಲೇ ಮೂರನೇ ಅಧ್ಯಾಯಕ್ಕೆ ಹೋಯಿತು. ಬೈಗುಳದ ಬಗ್ಗೆ ಏನು ಹೇಳುತ್ತೀರಿ? ಅದನ್ನೂ ಕನ್ನಡಕ್ಕೆ ತಂದುಬಿಡಲಾ? ಇನ್ನೊಂದು, ಕೊನೆಗೆ ಪದಕೋಶ ಬೇಕಾ?

ಹಳೇ ಟ್ರೆಕ್ಕಿ, ಮೈಸೂರು

ಬೈಗುಳ ಮಾತ್ರ ಖಂಡಿತ ಅವರ ಭಾಷೆಯಲ್ಲೇ ಇರಲಿ. ಕ್ಲಿಂಗನ್ ಕಾದಂಬರಿಗಳಲ್ಲಿ 'ಪೆತಾಕ್' ಅನ್ನುವ ಬೈಗುಳ ಸಿಕ್ಕಾಪಟ್ಟೆ ಬರುತ್ತದೆ. ಯಾರೂ ಅರ್ಥ ಕೇಳುವುದಿಲ್ಲ. ಹೇಳಿದವನ ಸಿಟ್ಟು, ಕೇಳಿದವನು ಕತ್ತಿಗೆ ಕೈ ಹಾಕಿದ್ದು ನೋಡಿದರೆ ಸಾಕು. ಊಟವೂ ಹಾಗೇ. 'ಗಾಗ್' ಅಂದರೆ ಹುಳು, ತಟ್ಟೆಯಲ್ಲಿ ಇನ್ನೂ ಹೊರಳಾಡುತ್ತಿರುತ್ತದೆ. ಅದು ಹೊರಳಾಡುವುದನ್ನು ಒಂದು ಸಲ ತೋರಿಸಿದರೆ ಮುಂದಿನ ಮುನ್ನೂರು ಪುಟ ಬರೀ ಗಾಗ್ ಅಂದರೆ ಸಾಲದೇ?

ಪದಕೋಶ ಹಾಕಿ, ಬೇಕಾದವರು ನೋಡಲಿ. ಆದರೆ ಅದನ್ನು ನಂಬಿಕೊಂಡು ಬರೆಯಬೇಡಿ. ಪುಸ್ತಕದ ಕೊನೆಯ ಪುಟ ತಿರುಗಿಸದೆ ಅರ್ಥವಾಗದ ಸಾಲು ಇದ್ದರೆ ಆ ಸಾಲನ್ನು ತಿದ್ದಿ.

ಕರಡು ತಿದ್ದುವವಳು

ಪದಕೋಶ ಮಾಡುವುದಾದರೆ ಈಗಲೇ ಶುರು ಮಾಡಿ, ಕಾದಂಬರಿ ಮುಗಿದ ಮೇಲೆ ಬೇಡ. ಒಂದೇ ಪದಕ್ಕೆ ಎರಡು ಕಾಗುಣಿತ ಇದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ಮೊದಲ ಅಧ್ಯಾಯ ತಿದ್ದಿ ಇಲ್ಲಿ ಹಾಕಿ, ಮಿಶ್ಶಾ ಎಷ್ಟು ಸಲ ಬಂದಿದೆ ಅಂತ ನೋಡೋಣ.