ಕೈಬಿಟ್ಟ ಮೂರು ಅಳತೆಗಳು: ಹೊಣೆ ನನ್ನದಾ, ಲ್ಯಾಬಿನದಾ?

ಪ್ರಶ್ನೆ

ಲೇಸರ್ ಲ್ಯಾಬೊಂದರಲ್ಲಿ ಪಿಎಚ್‌ಡಿ ಮಾಡ್ತಿದ್ದೇನೆ, ಮೂರನೇ ವರ್ಷ. ತತ್ವಶಾಸ್ತ್ರ ನನ್ನ ವಿಷಯವಲ್ಲ, ಆದರೂ ಎರಡು ವಾರದಿಂದ ಒಂದು ಪ್ರಶ್ನೆ ಬಿಡದೆ ಕಾಡ್ತಿದೆ. ತಿಳಿದವರು ಹೇಳಿ.

ಒಂದೇ ಅಳತೆಯನ್ನು ಹನ್ನೆರಡು ಸಲ ತೆಗೆದೆ. ಒಂಬತ್ತು ಸಲ ನಾವು ಅಂದುಕೊಂಡ ಬೆಲೆಯ ಆಸುಪಾಸಿನಲ್ಲೇ ಬಂತು, ಮೂರು ಸಲ ದೂರ ಹೋಯಿತು. "ಆ ದಿನ ಲೇಸರ್ ಸ್ಥಿರವಾಗಿರಲಿಲ್ಲ" ಎಂದು ಲಾಗ್‌ಬುಕ್ಕಿನಲ್ಲಿ ಬರೆದು ಆ ಮೂರನ್ನು ಬಿಟ್ಟೆ. ಗೈಡ್ ನೋಡಿ ತಲೆಯಾಡಿಸಿದರು. ಬರೆದದ್ದು ಸುಳ್ಳಲ್ಲ, ಆ ದಿನ ಲೇಸರ್ ನಿಜಕ್ಕೂ ಓಲಾಡ್ತಿತ್ತು.

ಆಮೇಲೆ ವಿಜ್ಞಾನವನ್ನು ಸಮಾಜಶಾಸ್ತ್ರದ ಕಣ್ಣಿಂದ ನೋಡುವ ಡೇವಿಡ್ ಬ್ಲೂರ್ 1976ರಲ್ಲಿ ಮುಂದಿಟ್ಟ 'ಸ್ಟ್ರಾಂಗ್ ಪ್ರೋಗ್ರಾಂ' ಬಗ್ಗೆ ಓದಿದೆ. ಸರಿ ಎಂದು ನಿಂತ ನಂಬಿಕೆಗೂ ತಪ್ಪೆಂದು ಬಿದ್ದ ನಂಬಿಕೆಗೂ ಒಂದೇ ಬಗೆಯ ಕಾರಣ ಹುಡುಕಬೇಕು ಅನ್ನುತ್ತದೆ ಅದರ ಸಮಮಿತಿ ತತ್ವ. ಓದುತ್ತಾ ಓದುತ್ತಾ ಎದೆ ಧಸಕ್ಕೆಂದಿತು. ಮೂರು ಯಾಕೆ ತಪ್ಪಿದವು ಅಂತ ಕೇಳಿದ್ದೆ. ಒಂಬತ್ತು ಯಾಕೆ ಸರಿ ಬಂದವು ಅಂತ ಒಮ್ಮೆಯೂ ಕೇಳಿರಲಿಲ್ಲ. ಆ ದಿನಗಳಲ್ಲೂ ಲೇಸರ್ ಓಲಾಡಿತ್ತಾ? ನೋಡಲೇ ಇಲ್ಲ.

ಒಳ್ಳೆಯ ಅಳತೆ ಯಾವುದು ಎಂದು ನನ್ನ ಕಣ್ಣಿಗೆ ಕಲಿಸಿದ್ದೇ ಈ ಲ್ಯಾಬು. ಹಾಗಾದರೆ ಆ ಮೂರನ್ನು ಬಿಟ್ಟದ್ದು ನಾನಾ, ಲ್ಯಾಬಾ? "ಇಲ್ಲಿನ ಪದ್ಧತಿಯೇ ಹಾಗೆ" ಎಂದು ನಾನು ನುಣುಚಿಕೊಂಡರೆ, ನಮ್ಮ ಆಯ್ಕೆಗೆ ನಾವೇ ಹೊಣೆ ಅನ್ನುವ ಫ್ರೆಂಚ್ ತತ್ವಜ್ಞಾನಿ ಸಾರ್ತ್ರ್ ಅದನ್ನು ಆತ್ಮವಂಚನೆ ಅಂದಾನು. ಬ್ಲೂರ್, ಸಾರ್ತ್ರ್ ಇಬ್ಬರನ್ನೂ ಒಟ್ಟಿಗೆ ನಂಬೋಕಾಗುತ್ತಾ?

ಉತ್ತರ 1

ಮೊದಲು ಒಂದು ಭಯ ಬಿಡಿ. ಒಂದು ನಂಬಿಕೆಗೆ ಸಾಮಾಜಿಕ ಕಾರಣವಿದೆ ಅಂದ ಮಾತ್ರಕ್ಕೆ ಅದು ಸುಳ್ಳಾಗುವುದಿಲ್ಲ. ಬ್ಲೂರ್ ಹಾಗೆ ಹೇಳಿಯೂ ಇಲ್ಲ.

ಸಮಾಜಶಾಸ್ತ್ರಜ್ಞ ಹ್ಯಾರಿ ಕಾಲಿನ್ಸ್ 1970ರ ದಶಕದಲ್ಲಿ ಟಿಇಎ ಎಂಬ ಬಗೆಯ ಅನಿಲ ಲೇಸರ್ ಕಟ್ಟುತ್ತಿದ್ದ ಲ್ಯಾಬುಗಳನ್ನು ಸುತ್ತಿದರು. ಪ್ರಕಟವಾದ ಲೇಖನವನ್ನಷ್ಟೇ ಓದಿ ಯಾರೂ ಅದನ್ನು ಕಟ್ಟಿರಲಿಲ್ಲ. ಆಗಲೇ ಕಟ್ಟಿ ಗೆದ್ದವರ ಒಡನಾಟ ಇದ್ದವರಿಗಷ್ಟೇ ಅದು ಕೈಗೂಡಿತ್ತು. ನಿಮ್ಮ ಕಣ್ಣು ಪಳಗಿದ್ದೂ ಹೀಗೇ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆದರೆ ಈ ಪಳಗಿದ ಕಣ್ಣಿಗೆ ಒಂದು ಸುಳಿಯಿದೆ. 1969ರಲ್ಲಿ ಭೌತವಿಜ್ಞಾನಿ ಜೋಸೆಫ್ ವೆಬರ್ ಗುರುತ್ವ ತರಂಗ (ದೇಶಕಾಲದಲ್ಲಿ ಏಳುವ ಅಲೆ) ಸಿಕ್ಕಿತು ಅಂದರು. ಬೇರೆಯವರಿಗೆ ಸಿಗಲಿಲ್ಲ. ಯಾರ ಉಪಕರಣ ಸರಿ? ತರಂಗ ಇದೆಯೋ ಇಲ್ಲವೋ ಗೊತ್ತಾಗದೆ ಉಪಕರಣ ಸರಿಯೆನ್ನುವಂತಿಲ್ಲ, ಉಪಕರಣ ಸರಿಯೆನ್ನದೆ ತರಂಗದ ಮಾತೆತ್ತುವಂತಿಲ್ಲ. ನಿಮ್ಮ ಮೂರು ಅಳತೆಗಳು ಸಿಕ್ಕಿಕೊಂಡಿರುವುದೂ ಇದೇ ಸುಳಿಯಲ್ಲಿ.

ಉತ್ತರ 2

"ನಾನಾ, ಲ್ಯಾಬಾ" ಅನ್ನುವ ಪ್ರಶ್ನೆಯ ಒಳಗೇ ಒಂದು ಚಿತ್ರ ಅಡಗಿದೆ: ಮೊದಲು ಒಂಟಿಯಾಗಿ ನಿಂತ ನೋಡುಗ, ಆಮೇಲೆ ಅವನ ಮೇಲೆ ಬಂದು ಕೂತ ಸಮಾಜ. 1927ರಲ್ಲೇ ಜರ್ಮನ್ ತತ್ವಜ್ಞಾನಿ ಹೈಡೆಗರ್ ಈ ಚಿತ್ರವನ್ನು ಒಪ್ಪಲಿಲ್ಲ. ನಾವು ಕಣ್ಣು ಬಿಡುವ ಹೊತ್ತಿಗಾಗಲೇ ಒಂದು ಲೋಕಕ್ಕೆ ಎಸೆಯಲ್ಪಟ್ಟಿರುತ್ತೇವೆ, ಜೊತೆಗೆ ಇತರರೂ ಇರುತ್ತಾರೆ. ಲ್ಯಾಬು ಕಲಿಸಿದ ಕಣ್ಣನ್ನು ಕಿತ್ತಿಟ್ಟು ನೋಡಲು ಬೇರೆ ಕಣ್ಣಿಲ್ಲ.

ಹಾಗಂತ ಹೊಣೆ ತಪ್ಪುವುದಿಲ್ಲ. 'ಎಲ್ಲರೂ ಮಾಡುವ ಹಾಗೆ' ಮಾಡಿ ಅದರಲ್ಲೇ ಕರಗಿಹೋಗುವುದು ಒಂದು. ಕೈಗೆ ಬಂದದ್ದನ್ನು ತಿಳಿದು ನನ್ನದಾಗಿಸಿಕೊಳ್ಳುವುದು ಇನ್ನೊಂದು. ಬ್ಲೂರ್ ಹೇಳುವುದು ಆ ಕಣ್ಣು ಎಲ್ಲಿಂದ ಬಂತು ಅನ್ನುವುದನ್ನು. ಅದನ್ನಿಟ್ಟುಕೊಂಡು ನೀವೇನು ಮಾಡ್ತೀರಿ ಅನ್ನುವುದು ಸಾರ್ತ್ರನ ಪ್ರಶ್ನೆ. ನನಗಂತೂ ಇಬ್ಬರ ನಡುವೆ ಜಗಳ ಕಾಣುವುದಿಲ್ಲ.

ಇನ್ನೊಂದು ಮಾತು. ನ್ಯೂಟನ್‌ಗಿಂತ ಮುಂಚೆ ಅವನ ನಿಯಮಗಳು ಸತ್ಯವೂ ಆಗಿರಲಿಲ್ಲ, ಸುಳ್ಳೂ ಆಗಿರಲಿಲ್ಲ ಎಂದು ಹೈಡೆಗರ್ ಬರೆದಿದ್ದಾನೆ. ಹಾಗೆಂದು ನ್ಯೂಟನ್ ಅವನ್ನು ಕಟ್ಟಿಕೊಂಡ ಅಂತಲ್ಲ. ಮೊದಲಿನಿಂದ ಇದ್ದ ವಸ್ತುಗಳೇ ಆ ನಿಯಮಗಳ ಮೂಲಕ, ತಾವು ಮೊದಲೂ ಹೀಗೇ ಇದ್ದೆವು ಎಂದು ತೋರಿಕೊಂಡವು. ಒಂಬತ್ತು ಅಳತೆ ಪೊಳ್ಳೇ ಎಂದು ನಿದ್ದೆಗೆಡುವ ಮುಂಚೆ ಇದನ್ನು ಒಮ್ಮೆ ನಿಧಾನವಾಗಿ ಓದಿ.

ಉತ್ತರ 3

ನಾನೂ ಪ್ರಯೋಗ ಮಾಡುವವನು. ಎಲ್ಲ ಒಪ್ಪುತ್ತೇನೆ, ಆದರೆ ಆ ಸುಳಿಯಿಂದ ಹೊರಬರಲು ಜನ ಪಟ್ಟ ಪಾಡನ್ನೂ ಹೇಳಬೇಕು. 2010ರ ಸೆಪ್ಟೆಂಬರ್‌ನಲ್ಲಿ, ಗುರುತ್ವ ತರಂಗ ಹುಡುಕುವ ಲೈಗೋ ಉಪಕರಣಗಳಿಗೆ, ತಮ್ಮವರನ್ನೇ ಪರೀಕ್ಷಿಸಲೆಂದು ಒಂದು ನಕಲಿ ಸಂಕೇತವನ್ನು ಗುಟ್ಟಾಗಿ ಸೇರಿಸಿದ್ದರು. ಅದನ್ನು ಬಲ್ಲವರು ಬೆರಳೆಣಿಕೆಯಷ್ಟೇ ಜನ. ಉಳಿದವರು ತಿಂಗಳುಗಟ್ಟಲೆ ವಿಶ್ಲೇಷಿಸಿ ಲೇಖನವನ್ನೂ ಬರೆದರು. 2011ರ ಮಾರ್ಚ್‌ನಲ್ಲಿ ಗುಟ್ಟು ಬಿಚ್ಚಿಟ್ಟಾಗಲೇ ಅದು ನಕಲಿ ಎಂದು ಗೊತ್ತಾದದ್ದು. ನಿಜವಾದ ತರಂಗ ಸಿಕ್ಕಿದ್ದು 2015ರ ಸೆಪ್ಟೆಂಬರ್ 14ರಂದು. ತಮ್ಮ ಆಸೆಯೇ ತಮ್ಮನ್ನು ಮೋಸಗೊಳಿಸಬಹುದು ಎಂದು ಬಲ್ಲ ಗುಂಪು ಮಾತ್ರ ಇಷ್ಟು ಕಷ್ಟಪಟ್ಟೀತು. ನನ್ನ ಮಟ್ಟಿಗೆ ಹೊಣೆ ಹೊರುವುದೆಂದರೆ ಇದೇ, ಮತ್ತು ಇದನ್ನು ಒಬ್ಬರೇ ಮಾಡಲಾಗುವುದಿಲ್ಲ.

ನೀವೂ ಮಾಡಿ. ಲೇಸರ್ ಎಷ್ಟು ಓಲಾಡಿದರೆ ಅಳತೆ ಬಿಡಬೇಕು ಎಂದು ಮೊದಲೇ ಬರೆದಿಡಿ. ಫಲಿತಾಂಶದ ಕಾಲಂ ಮುಚ್ಚಿ, ಹನ್ನೆರಡಕ್ಕೂ ಒಂದೇ ಅಳತೆಗೋಲು ಹಿಡಿಯಿರಿ.

ಪ್ರಶ್ನೆ ಕೇಳಿದವರು

ಮಾಡಿದೆ. ಫಲಿತಾಂಶ ಮುಚ್ಚಿಟ್ಟು ಲೇಸರ್ ಪವರ್‌ನ ದಾಖಲೆಯನ್ನಷ್ಟೇ ನೋಡಿದೆ. ಬಿಟ್ಟಿದ್ದ ಮೂರರಲ್ಲಿ ಎರಡು ನಿಜಕ್ಕೂ ಬಿಡಬೇಕಾದವೇ. ಮೂರನೆಯದು ಮಿತಿಯ ಒಳಗಿದೆ. ಇಟ್ಟುಕೊಂಡಿದ್ದ ಒಂಬತ್ತರಲ್ಲಿ ಎರಡು ಮಿತಿ ಮೀರಿವೆ, ಆದರೂ ಅವುಗಳ ಫಲಿತಾಂಶ ನಮಗೆ ಬೇಕಾದಲ್ಲೇ ಇದೆ. ಅವುಗಳ ಮುಂದೆ ನನ್ನದೇ ಕೈಬರಹದಲ್ಲಿ "ಚೆನ್ನಾಗಿದೆ" ಅಂತಿದೆ. ಅದನ್ನೇ ತುಂಬಾ ಹೊತ್ತು ನೋಡ್ತಾ ಕೂತಿದ್ದೆ.

ಸರಾಸರಿ ಸ್ವಲ್ಪ ಸರಿದಿದೆ, ದೋಷದ ಅಂದಾಜು ಹೆಚ್ಚಿದೆ. ನಾಳೆ ಹನ್ನೆರಡನ್ನೂ ಹಿಡಿದು ಗೈಡ್ ಹತ್ತಿರ ಹೋಗ್ತೀನಿ.