ಕೋಡ್‌ಬುಕ್‌ನಲ್ಲಿ ಎಷ್ಟು ಬಗೆಯ ‘ಇಲ್ಲ’?

ಗೆಳೆಯರೇ, ನಮಸ್ಕಾರ.

ಕುಟುಂಬ ಸಮೀಕ್ಷೆಯೊಂದರ ದತ್ತಾಂಶಕ್ಕೆ ಕನ್ನಡದಲ್ಲೇ ಕೋಡ್‌ಬುಕ್ ಬರೆಯುತ್ತಿದ್ದೇನೆ. ಓದುವವರು ಎರಡು ತರದವರು. ಮನೆಮನೆಗೆ ಹೋಗಿ ಮಾಹಿತಿ ತರುವ ಗಣತಿದಾರರು ಒಂದು ಕಡೆ. ಅದನ್ನು ಅಂಕಿಅಂಶ ಲೆಕ್ಕಹಾಕುವ ಸಾಫ್ಟ್‌ವೇರ್‌ಗಳಾದ ಸ್ಟೇಟಾದಲ್ಲೋ ಎಸ್‌ಪಿಎಸ್‌ಎಸ್‌ನಲ್ಲೋ ತೆರೆದು ಕೂರುವ ಎಂ.ಎ. ವಿದ್ಯಾರ್ಥಿಗಳು ಇನ್ನೊಂದು ಕಡೆ. ಇಬ್ಬರಿಗೂ ಒಂದು ಮಾತಿಗೆ ಒಂದೇ ಅರ್ಥ ಸಿಗಬೇಕು. ನಾನು ಸಿಕ್ಕಿಹಾಕಿಕೊಂಡಿರುವುದು ‘ಮಿಸ್ಸಿಂಗ್ ವ್ಯಾಲ್ಯೂ’ (ಉತ್ತರ ಸಿಗದೆ ಉಳಿದ ಜಾಗ) ಅನ್ನುವುದರಲ್ಲಿ. ಅದಕ್ಕೆ ಬರುವ ಮೊದಲು ಸಣ್ಣಪುಟ್ಟ ಪದಗಳ ಮಾತು ಮುಗಿಸಿಬಿಡುತ್ತೇನೆ.

ಈ ಕೆಲಸದ ಪರಿಚಯ ಇಲ್ಲದವರಿಗಾಗಿ ಒಂದು ಮಾತು. ದತ್ತಾಂಶದ ಫೈಲಿನಲ್ಲಿ ಹೆಚ್ಚಿನಂಶ ಬರೀ ಅಂಕಿಗಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಹೆಂಗಸರ ಫೈಲ್ ತೆರೆದರೆ ಒಂದು ಕಾಲಂನ ಮೇಲೆ ‘ವಿ106’ ಅಂತಿರುತ್ತದೆ. ಕೆಳಗೆ 0, 2, 2, 1, 3. ವಿ106 ಅಂದರೆ ಓದಿನ ಮಟ್ಟ. 0 ಅಂದರೆ ಓದಿಲ್ಲ, 1 ಪ್ರಾಥಮಿಕ, 2 ಪ್ರೌಢ, 3 ಅದಕ್ಕಿಂತ ಮೇಲೆ. ವಿ437ರಲ್ಲಿ 485 ಅಂತ ಕಂಡರೆ ಅದು ತೂಕ. ಹಾಗಂತ 485 ಕೆ.ಜಿ. ಅಲ್ಲ, 48.5 ಕೆ.ಜಿ. ದಶಾಂಶದ ಚುಕ್ಕೆ ಬಿಟ್ಟು ಬರೆದಿರುತ್ತಾರೆ. ಇಂಥದ್ದನ್ನೆಲ್ಲ ಕಾಲಂ ಕಾಲಂ ಹಿಡಿದು ಹೇಳುವುದೇ ಕೋಡ್‌ಬುಕ್.

ಇದಕ್ಕೆ ‘ಸಂಕೇತ ಪುಸ್ತಕ’ ಅಂತ ಬರೆದದ್ದನ್ನು ನೋಡಿದ್ದೇನೆ. ನನಗೆ ಹಿಡಿಸಲಿಲ್ಲ. ಗೂಢಚಾರರ ಕೈಯಲ್ಲಿರುವ ಪುಸ್ತಕದ ಹಾಗೆ ಕೇಳಿಸುತ್ತದೆ. ಇಲ್ಲಿ ಮಾಡುತ್ತಿರುವುದು ಬಚ್ಚಿಡುವ ಕೆಲಸ ಅಲ್ಲ, ಬಿಚ್ಚಿ ಹೇಳುವ ಕೆಲಸ. ಗಣತಿದಾರರು ‘ಕೋಡ್ ಪಟ್ಟಿ’ ಅನ್ನುತ್ತಾರೆ, ಚೆನ್ನಾಗಿದೆ. ಆದರೆ ಪಟ್ಟಿಯಲ್ಲಿ 1 ಹೌದು, 2 ಇಲ್ಲ ಅನ್ನುವಷ್ಟೇ ಬರುತ್ತದೆ. ಕೋಡ್‌ಬುಕ್‌ನಲ್ಲಿ ಕೇಳಿದ ಪ್ರಶ್ನೆ, ಅಳತೆ, ಕನಿಷ್ಠ ಗರಿಷ್ಠ, ಯಾರಿಗೆ ಕೇಳಿದ್ದು ಎಲ್ಲವೂ ಬೇಕು. ಸ್ಟೇಟಾದಲ್ಲಿ ಅದೇ ಹೆಸರಿನ ಕಮಾಂಡ್ ಕೂಡ ಇದೆ. ಹಾಗಾಗಿ ಕೋಡ್‌ಬುಕ್ ಅಂತಲೇ ಇಟ್ಟುಕೊಂಡಿದ್ದೇನೆ. ಯಾರೂ ಇದುವರೆಗೆ ಬೇಜಾರು ಮಾಡಿಕೊಂಡಿಲ್ಲ.

‘ವ್ಯಾಲ್ಯೂ’ಗೆ ನಮ್ಮ ಶಾಲೆಯ ಗಣಿತದಲ್ಲೇ ಪದವಿದೆ: ಎಕ್ಸ್‌ನ ಬೆಲೆ ಕಂಡುಹಿಡಿಯಿರಿ ಅಂತ ಎಲ್ಲರೂ ಓದಿದ್ದೇವೆ. ಆದರೆ ಸ್ಟೇಟಾ ಕಲಿಯುವವರು ಮೊದಲು ತೆರೆಯುವುದು ಅದರ ಜೊತೆಗೇ ಬರುವ ಕಾರುಗಳ ಫೈಲ್. 1978ರ 74 ಕಾರುಗಳು, 12 ಕಾಲಂ. ಅದರಲ್ಲಿ ಒಂದು ಕಾಲಂ ಕಾರಿನ ಬೆಲೆ. ‘ಬೆಲೆಯ ಬೆಲೆ ಎಷ್ಟು’ ಅಂತ ಬರೆಯಬೇಕಾಗುತ್ತದೆ! ‘ಮೌಲ್ಯ’ ಅಂದರೂ ಅದೇ ಗೋಳು. ಅದಕ್ಕೇ ಹಣದ ಮಾತು ಬಂದ ಕಡೆ ‘ದರ’ ಅಂತ ಬರೆದು ದಾಟಿಕೊಳ್ಳುತ್ತಿದ್ದೇನೆ. (ಅದೇ ಫೈಲಿನಲ್ಲಿ 52 ಕಾರು ದೇಶೀ, 22 ವಿದೇಶಿ. ಆ ‘ದೇಶ’ ಅಮೆರಿಕ ಅಂತ ಮೊದಲೇ ಹೇಳದಿದ್ದರೆ ನಮ್ಮ ಹುಡುಗರು ಅಂಬಾಸಿಡರ್ ಹುಡುಕುತ್ತಾರೆ.)

ಕೋಡಿಗೋ ಕಾಲಂಗೋ ಅಂಟಿಸುವ ವಿವರಣೆಗೆ ‘ಲೇಬಲ್’ ಅನ್ನುವುದನ್ನು ಹಾಗೇ ಬಿಟ್ಟಿದ್ದೇನೆ. ‘ಹಣೆಪಟ್ಟಿ’ ಅಂದರೆ ಯಾರಿಗೋ ಕೆಟ್ಟ ಹೆಸರು ಕಟ್ಟಿದ ಹಾಗಾಗುತ್ತದೆ.

ಈಗ ಮುಖ್ಯ ವಿಷಯ. ಕಾರುಗಳ ಫೈಲಿನಲ್ಲಿ ರಿಪೇರಿ ದಾಖಲೆಯ ಕಾಲಂ ಒಂದಿದೆ, ರೆಪ್78 ಅಂತ. ಕೋಡ್‌ಬುಕ್ ಕಮಾಂಡ್ ಕೊಟ್ಟರೆ ‘ಮಿಸ್ಸಿಂಗ್ 5/74’ ಅಂತ ತೋರಿಸುತ್ತದೆ. 74ರಲ್ಲಿ 5 ಕಾರಿನ ದಾಖಲೆ ಇಲ್ಲ. ಯಾಕೆ ಇಲ್ಲ ಅಂತ ಅದಕ್ಕೆ ಗೊತ್ತಿಲ್ಲ. ಇನ್ನೊಂದು ತಮಾಷೆ ನೋಡಿ. ರಿಪೇರಿ ಅಂಕ 3ಕ್ಕಿಂತ ಜಾಸ್ತಿ ಇರುವ ಕಾರುಗಳಲ್ಲಿ 4 ಅಂಕದವು 18, 5 ಅಂಕದವು 11, ಒಟ್ಟು 29. ಆದರೆ ಸುಮ್ನೆ ‘3ಕ್ಕಿಂತ ಹೆಚ್ಚಿನದನ್ನು ಎಣಿಸು’ ಅಂದರೆ ಸ್ಟೇಟಾ 34 ಅನ್ನುತ್ತದೆ. ಯಾಕಂದರೆ ಅದರ ಲೆಕ್ಕದಲ್ಲಿ ಖಾಲಿ ಚೌಕ ಎಲ್ಲ ಅಂಕಿಗಳಿಗಿಂತ ದೊಡ್ಡದು. ಇದನ್ನು ವಿದ್ಯಾರ್ಥಿಗಳಿಗೆ ಕನ್ನಡದಲ್ಲಿ ಹೇಳಲು ಹೊರಟಾಗಲೇ ಪದ ಬೇಕಾಗುವುದು.

ನಮ್ಮ ಸಮೀಕ್ಷೆಯ ಪ್ರಶ್ನೆಗಳಿಗೆ ಬರೋಣ. ‘ಮನೆಯಲ್ಲಿ ಶೌಚಾಲಯ ಇದೆಯಾ?’ ‘ಇಲ್ಲ.’ ಇದು ಉತ್ತರ. ‘ಎಷ್ಟು ಎಕರೆ ಜಮೀನಿದೆ?’ ‘ಇಲ್ಲ.’ ಇದೂ ಉತ್ತರವೇ, ಆದರೆ ಬರೆಯಬೇಕಾದದ್ದು ಸೊನ್ನೆ. ‘ಅದರಲ್ಲಿ ನೀರಾವರಿ ಎಷ್ಟು?’ ಜಮೀನೇ ಇಲ್ಲದವರಿಗೆ ಈ ಪ್ರಶ್ನೆ ಕೇಳುವ ಹಾಗೇ ಇಲ್ಲ. ಆ ಜಾಗದಲ್ಲೂ ಕೆಲವರು ‘ಇಲ್ಲ’ ಅಂತಲೇ ಬರೆಯುತ್ತಾರೆ. ಇನ್ನು ಗಣತಿದಾರರು ಪುಟ ತಿರುಗಿಸುವ ಅವಸರದಲ್ಲಿ ಬಿಟ್ಟದ್ದು ಇದ್ದರೆ ಅದಕ್ಕೂ ‘ಮಾಹಿತಿ ಇಲ್ಲ’. ಒಂದೇ ಮಾತು, ನಾಲ್ಕು ಸಂಗತಿ. ಮೊದಲ ಎರಡನ್ನು ಸರಾಸರಿಗೆ ಸೇರಿಸಲೇಬೇಕು. ಕೊನೆಯ ಎರಡನ್ನು ಸೇರಿಸಲೇಬಾರದು.

ಸಾಫ್ಟ್‌ವೇರ್‌ಗಳಲ್ಲಿ ಇದಕ್ಕೆ ಜಾಗವಿದೆ. ಸ್ಟೇಟಾದಲ್ಲಿ ಖಾಲಿಗೆ ಹಾಕುವ ಬರೀ ಚುಕ್ಕೆಯಲ್ಲದೆ ಚುಕ್ಕೆ-ಎ ಇಂದ ಚುಕ್ಕೆ-ಝಡ್ ತನಕ ಇನ್ನೂ 26 ಬಗೆಯ ಖಾಲಿಗಳಿವೆ. ಒಂದೊಂದಕ್ಕೂ ಬೇರೆ ಲೇಬಲ್ ಅಂಟಿಸಬಹುದು. ಎಸ್‌ಪಿಎಸ್‌ಎಸ್‌ನಲ್ಲಿ ಒಂದು ಕಾಲಂಗೆ ಬಿಡಿಬಿಡಿಯಾಗಿ ಮೂರು ಅಂಕಿಗಳನ್ನು ‘ಇವು ಮಿಸ್ಸಿಂಗ್’ ಅಂತ ಹೇಳಿಡಬಹುದು. ಕುಟುಂಬ ಆರೋಗ್ಯ ಸಮೀಕ್ಷೆಯಂಥ ಫೈಲುಗಳಲ್ಲಿ ‘ಗೊತ್ತಿಲ್ಲ’ಕ್ಕೆ 8 ಅಥವಾ 98, ಬಿಟ್ಟುಹೋಗಿದ್ದರೆ 9 ಅಥವಾ 99, ಪ್ರಶ್ನೆಯೇ ಬರದಿದ್ದರೆ ಖಾಲಿ. ಕೋಡ್‌ಬುಕ್ ನೋಡದೆ ಸರಾಸರಿ ತೆಗೆದವರಿಗೆ 99 ಮಕ್ಕಳ ತಾಯಂದಿರು ಸಿಕ್ಕರೂ ಸಿಗಬಹುದು.

‘ಮಿಸ್ಸಿಂಗ್’ಗೆ ಒಟ್ಟಾಗಿ ಹೇಳುವ ಪದಕ್ಕೆ ನಾನು ತೂಗಿ ನೋಡಿದ್ದು ಹೀಗೆ. ‘ಕಾಣೆಯಾದ ಬೆಲೆ’ ಪೊಲೀಸ್ ಠಾಣೆಯ ಗೋಡೆ ನೆನಪಿಸುತ್ತದೆ. ಅಲ್ಲದೆ ಕಾಣೆಯಾಗಬೇಕಾದರೆ ಮೊದಲು ಇರಬೇಕು ಅಲ್ವಾ? ‘ಬಿಟ್ಟ ಸ್ಥಳ’ ಅಂದರೆ ನಮ್ಮ ಮಕ್ಕಳಿಗೆ ಮುಂದಿನ ಪದ ‘ತುಂಬಿರಿ’. ತುಂಬಿಯೇಬಿಡುತ್ತಾರೆ. ‘ಗೈರು’ ನನಗೆ ಇಷ್ಟ. ಬರಬೇಕಾದದ್ದು ಬಂದಿಲ್ಲ ಅನ್ನುವ ಅರ್ಥ ಹಾಜರಿ ಪುಸ್ತಕದಿಂದಲೇ ಬರುತ್ತದೆ. ಆದರೆ ಕೇಳಬೇಕಾಗೇ ಇರದ ಪ್ರಶ್ನೆಗೆ ಅದು ಹೊಂದುವುದಿಲ್ಲ. ಸದ್ಯಕ್ಕೆ ‘ಖಾಲಿ’ ಅಂತ ಬರೆಯುತ್ತಿದ್ದೇನೆ. 98 ಅಂತ ಬರೆದಿರುವ ಚೌಕವನ್ನು ಖಾಲಿ ಅನ್ನುವುದು ಹೇಗೆ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಒಳ್ಳೆಯ ಉತ್ತರವಿಲ್ಲ.

ಒಳಬಗೆಗಳಿಗೆ ನಾಮಪದ ಹುಡುಕುವುದನ್ನು ಬಿಟ್ಟು ಕ್ರಿಯಾಪದಕ್ಕೆ ಹೋದೆ. ‘ಗೊತ್ತಿಲ್ಲ ಎಂದರು’, ‘ಹೇಳಲು ಒಪ್ಪಲಿಲ್ಲ’, ‘ಕೇಳಬೇಕಿಲ್ಲ’, ‘ಕೇಳಿಲ್ಲ’. ಮೊದಲ ಎರಡು ಮನೆಯವರ ಕಡೆಯಿಂದ ಬಂದದ್ದು, ಕೊನೆಯ ಎರಡು ನಮ್ಮ ಕಡೆಯವು. ಓದಿದ ಕೂಡಲೇ ಗೊತ್ತಾಗುತ್ತದೆ. ಬರೀ ‘ಇಲ್ಲ’ ಅನ್ನುವುದನ್ನು ಇದೆಯಾ ಎಂಬ ಪ್ರಶ್ನೆಯ ಉತ್ತರಕ್ಕೆ ಮಾತ್ರ ಮೀಸಲಿಟ್ಟೆ. ಎಷ್ಟು ಅನ್ನುವ ಪ್ರಶ್ನೆಗೆ ‘ಇಲ್ಲ’ ಅಂದರೆ 0 ಬರೆಯಬೇಕು ಅಂತ ಸೂಚನೆ ಹಾಕಿದೆ.

ಸರ್ಕಾರಿ ಅರ್ಜಿಗಳ ‘ಅನ್ವಯಿಸುವುದಿಲ್ಲ’ ಯಾಕೆ ಬೇಡ ಅನ್ನಬಹುದು. ಒಂದು ಕಾರಣ ಉದ್ದ. ಕಣ್ಣಿಗೆ ಏಳು ಅಕ್ಷರ, ಆದರೆ ಒತ್ತು ಗುಣಿತಗಳನ್ನೆಲ್ಲ ಯೂನಿಕೋಡ್ ಬೇರೆ ಬೇರೆ ಎಣಿಸುವುದರಿಂದ 15 ಚಿಹ್ನೆ, 45 ಬೈಟ್ (ಕಂಪ್ಯೂಟರಿನಲ್ಲಿ ಹಿಡಿಯುವ ಜಾಗದ ಅಳತೆ). ಎಸ್‌ಪಿಎಸ್‌ಎಸ್‌ನಲ್ಲಿ ಒಂದು ಕೋಡಿನ ಲೇಬಲ್‌ಗೆ ಸಿಗುವುದೇ 120 ಬೈಟ್. ಸ್ಟೇಟಾದಲ್ಲಿ ಕಾಲಂನ ಲೇಬಲ್‌ಗೆ 80 ಚಿಹ್ನೆ. ‘ಸ್ತ್ರೀ’ ಅನ್ನುವ ಒಂದೇ ಅಕ್ಷರ ಅದರಲ್ಲಿ ಆರನ್ನು ನುಂಗುತ್ತದೆ! 2015ರಲ್ಲಿ 14ನೇ ಆವೃತ್ತಿ ಬಂದ ಮೇಲೆ ಸ್ಟೇಟಾಗೆ ಯೂನಿಕೋಡ್ ತಿಳಿಯಿತು ಅನ್ನುವುದೇ ನಮ್ಮ ಪುಣ್ಯ. ಇನ್ನೊಂದು ಕಾರಣ, ‘ಅನ್ವಯಿಸುವುದಿಲ್ಲ’ ಅಂದಾಗ ಯಾರಿಗೆ, ಯಾಕೆ ಅನ್ನುವುದು ಮಸುಕಾಗುತ್ತದೆ. ‘ಕೇಳಬೇಕಿಲ್ಲ’ ಅಂದರೆ ಗಣತಿದಾರರಿಗೆ ತಾವು ಹಾರಿಸಿದ ಪ್ರಶ್ನೆ ಅಂತ ನೇರವಾಗಿ ತಿಳಿಯುತ್ತದೆ.

ನನಗೆ ನಿಮ್ಮಿಂದ ಬೇಕಾದದ್ದು ಎರಡು. ‘ಹೇಳಲು ಒಪ್ಪಲಿಲ್ಲ’ ಬದಲು ‘ಒಲ್ಲೆ ಎಂದರು’ ಅಂತ ಬರೆದರೆ ಚಿಕ್ಕದು, ಗಟ್ಟಿ. ಧಾರವಾಡ, ಕಲಬುರಗಿ ಕಡೆಯವರಿಗೆ ಇದು ದಿನದ ಮಾತು ಅಂತ ಗೊತ್ತು. ಮೈಸೂರು, ಮಂಡ್ಯ ಕಡೆಯ ಗಣತಿದಾರರಿಗೆ ಪದ್ಯದ ಮಾತಿನ ಹಾಗೆ ಕೇಳಿಸುತ್ತದೆಯೇ?

ಎರಡನೆಯದು ಹೆಚ್ಚು ಕಷ್ಟದ್ದು. ‘ಏಡ್ಸ್ ಬಗ್ಗೆ ಎಂದಾದರೂ ಕೇಳಿದ್ದೀರಾ?’ ಅನ್ನುವ ತರದ ಪ್ರಶ್ನೆ ಇರುತ್ತದೆ. ಮನೆಯಾಕೆಯ ಉತ್ತರ ‘ಕೇಳಿಲ್ಲ’. ಗಣತಿದಾರರು ಆ ಪ್ರಶ್ನೆ ಬಿಟ್ಟುಬಿಟ್ಟಿದ್ದರೆ ನನ್ನ ಲೇಬಲ್ ಕೂಡ ‘ಕೇಳಿಲ್ಲ’. ಆಕೆ ಕಿವಿಯಿಂದ ಕೇಳಿಲ್ಲ, ಇವರು ಬಾಯಿಂದ ಕೇಳಿಲ್ಲ. ‘ವಿಚಾರಿಸಿಲ್ಲ’ ಹಾಕಿ ನೋಡಿದೆ, ತನಿಖೆಯ ಗಾಳಿ ಬೀಸಿತು. ‘ಪ್ರಶ್ನೆ ಬಿಟ್ಟಿದೆ’ ಅಂದರೆ ಯಾರು ಬಿಟ್ಟರು ಅನ್ನುವುದು ಹೋಗುತ್ತದೆ. ಮನೆಮನೆ ತಿರುಗಿ ಪ್ರಶ್ನೆ ಕೇಳುವ ಕೆಲಸ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ, ನೀವು ನಿಮ್ಮ ಹಾಳೆಯ ಅಂಚಿನಲ್ಲಿ ಇದಕ್ಕೆ ಏನಂತ ಗುರುತು ಹಾಕಿಕೊಳ್ಳುತ್ತಿದ್ದಿರಿ?