ಎಕ್ಸೆಲ್ ಫೈಲ್ ಒಬ್ಬೊಬ್ಬರಲ್ಲಿ ಒಂದೊಂದು ಥರ: ಪ್ರಶ್ನೋತ್ತರ

ಸಂಬಳದ ಲೆಕ್ಕ ಬರೆಯುವವರು: ಶೀಟ್ ಮಾಡಿದ್ದು ಎಕ್ಸೆಲ್ 2021ರಲ್ಲಿ. ಸಹೋದ್ಯೋಗಿಯ ಹತ್ತಿರ 2016 ಇದೆ. ತೆರೆದಾಗ ಮೊತ್ತ ಸರಿಯಿತ್ತಂತೆ. ಒಬ್ಬರ ಗುರುತು ಸಂಖ್ಯೆ ತಿದ್ದಿದ ಮೇಲೆ ಮೊತ್ತ ಇಳಿದಿದೆ. ತಪ್ಪು ಅಂತ ಎಲ್ಲೂ ತೋರಿಸುತ್ತಿಲ್ಲ. ನನ್ನಲ್ಲಿ ತೆರೆದರೆ ಸರಿಯಾಗೇ ಇದೆ.

ತಜ್ಞೆ: ಸೂತ್ರದಲ್ಲಿ ಎಕ್ಸ್‌ಲುಕಪ್ (ಪಟ್ಟಿಯಲ್ಲಿ ಹುಡುಕಿ ತರುವ ಫಂಕ್ಷನ್) ಇದೆಯಾ? ಹೊರಗೆ ಇಫ್‌ಎರರ್ (ದೋಷ ಬಂದರೆ ಅದರ ಬದಲು ನೀವು ಹೇಳಿದ್ದನ್ನು ತೋರಿಸುವ ಫಂಕ್ಷನ್) ಸುತ್ತಿದ್ದೀರಾ?

ಸಂಬಳದ ಲೆಕ್ಕ ಬರೆಯುವವರು: ಹೌದು, ಎರಡೂ ಇವೆ. ಸಿಗದಿದ್ದರೆ ಸೊನ್ನೆ ಅಂತ ಕೊಟ್ಟಿದ್ದೇನೆ.

ಇನ್ನೊಬ್ಬರು: 2003ರಲ್ಲಿ ಫೈಲ್ ತೆರೆಯುತ್ತಿಲ್ಲ.

ತಜ್ಞೆ: ಸೇವ್ ಆ್ಯಸ್‌ನಲ್ಲಿ 97-2003 ಮಾದರಿ ಆರಿಸಿ. 65,536 ಸಾಲು ಮೀರಿದ್ದೆಲ್ಲ ಹೋಗುತ್ತದೆ, ಮೊದಲು ಎಣಿಸಿ.

ಮತ್ತೊಬ್ಬರು: ಫೈಲ್ ಹೆಸರಿನ ಕೊನೆಯ .xlsxನಲ್ಲಿ ಕೊನೆಯ ಎಕ್ಸ್ ಅಳಿಸಿದರೆ ಸಾಕು. ಎಲ್ಲ ಗುಂಪುಗಳಲ್ಲೂ ಬಂದಿದೆ.

ತಜ್ಞೆ: ಸಾಕಾಗಲ್ಲ. ಹೆಸರು ಬದಲಾದರೆ ಫೈಲ್‌ನ ಒಳಗಿನ ಮಾದರಿ ಬದಲಾಗಲ್ಲ. ದಯವಿಟ್ಟು ಇದನ್ನು ಮುಂದೆ ಕಳಿಸಬೇಡಿ.

ಸಂಬಳದವರಿಗೆ: ಇದು ನನಗೆ ನಿಜವಾಗಿಯೂ ಭಯ ಹುಟ್ಟಿಸುವ ಕೇಸ್. 2016ಕ್ಕೆ ಎಕ್ಸ್‌ಲುಕಪ್ ಗೊತ್ತಿಲ್ಲ. ಫೈಲ್ ತೆರೆದಾಗ ಕಾಣುವುದು ನೀವು ಉಳಿಸಿದ ಹಳೆ ಉತ್ತರ, ಹೊಸ ಲೆಕ್ಕ ಅಲ್ಲ. ಸೂತ್ರದಲ್ಲಿ ಎಕ್ಸ್‌ಲುಕಪ್ ಹೆಸರಿನ ಮುಂದೆ ಎಕ್ಸ್‌ಎಲ್‌ಎಫ್‌ಎನ್ ಅಂತ ಸೇರಿಕೊಂಡಿರುತ್ತದೆ, ನೋಡಿ. ಆ ಸಾಲಿಗೆ ಸಂಬಂಧಪಟ್ಟ ಏನನ್ನು ತಿದ್ದಿದರೂ ಲೆಕ್ಕ ಮತ್ತೆ ನಡೆಯುತ್ತದೆ, ಆ ಹೆಸರು ಗೊತ್ತಿಲ್ಲ ಎನ್ನುವ ನೇಮ್ ದೋಷ ಬರುತ್ತದೆ. ನಿಮ್ಮ ಇಫ್‌ಎರರ್ ಅದನ್ನು ನುಂಗಿ ಸೊನ್ನೆ ಹಾಕುತ್ತದೆ. ಒಬ್ಬರ ಸಂಬಳ ಸದ್ದಿಲ್ಲದೆ ಸೊನ್ನೆ! ಅದೇ ಫೈಲ್ 2021ಕ್ಕೆ ವಾಪಸ್ ಬಂದರೆ ಲೆಕ್ಕ ಸರಿಹೋಗುತ್ತದೆ. ಅದಕ್ಕೇ ನಿಮಗೆ ಕಾಣಿಸಿಲ್ಲ. ಎಕ್ಸ್‌ಲುಕಪ್ ಬಿಟ್ಟು, ಅದೇ ಹುಡುಕಾಟಕ್ಕೆ ಹಳೆಯ ಫಂಕ್ಷನ್‌ಗಳಾದ ಇಂಡೆಕ್ಸ್ ಜೊತೆ ಮ್ಯಾಚ್ ಬಳಸಿ, ಎಲ್ಲ ಆವೃತ್ತಿಗಳಲ್ಲೂ ನಡೆಯುತ್ತದೆ. ಇಫ್‌ಎರರ್ ತೆಗೆಯಿರಿ. ತಪ್ಪು ಕಣ್ಣಿಗೆ ಬೀಳಲಿ.

ಮ್ಯಾಕ್ರೋ ಇರುವ ಸದಸ್ಯ: ನನ್ನ ಮ್ಯಾಕ್ರೋ ಅವರಲ್ಲಿ ಓಡುತ್ತಿಲ್ಲ, ಯಾಕೆ?

ಹಳೆ ಸದಸ್ಯ: ಎಲ್ಲರೂ ಹೊಸದು ಹಾಕಿಸಿಕೊಂಡರೆ ಮುಗೀತಲ್ವಾ?

ಲಿಬ್ರೆಆಫೀಸ್ ಬಳಸುವವರು: ಎಲ್ಲರಿಗೂ ಕೊಳ್ಳೋಕೆ ಆಗುತ್ತಾ? ಎಕ್ಸೆಲ್ ಫೈಲ್ ತೆರೆಯುವ ಇನ್ನೊಂದು ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ 24.8 ಆವೃತ್ತಿಯಿಂದ ಎಕ್ಸ್‌ಲುಕಪ್ ಇದೆ, ಅದೂ ಉಚಿತವಾಗಿ.

ಹಳೆ ಸದಸ್ಯ: ಅದರಲ್ಲಿ ನನ್ನ ಚಾರ್ಟ್ ಎಲ್ಲ ಕೆಟ್ಟವು.

ಲಿಬ್ರೆಆಫೀಸ್ ಬಳಸುವವರು: ಸುಮ್ನೆ ಹೇಳಬೇಡಿ, ಫೈಲ್ ತೋರಿಸಿ.

ಹಳೆ ಸದಸ್ಯ: ನಿಮಗ್ಯಾಕೆ ತೋರಿಸಬೇಕು?

ಇನ್ನೂ ಒಬ್ಬರು: ಹೆಸರು ಬದಲಿಸಿದೆ, ಆದರೂ 2003ರಲ್ಲಿ ತೆರೆಯುತ್ತಿಲ್ಲ.

ತಜ್ಞೆ: ಮೇಲೆ ಬರೆದಿದ್ದೇನೆ. ಓದಿ.

ಮ್ಯಾಕ್ರೋ ಇರುವ ಸದಸ್ಯ: ನನ್ನದು?

ತಜ್ಞೆ: ಸಂಬಳದವರೇ, ಆ 2016ರ ಯಂತ್ರದಿಂದ ಹಣ ಹೋಗಿದೆಯಾ?

ಸಂಬಳದ ಲೆಕ್ಕ ಬರೆಯುವವರು: ಎರಡು ತಿಂಗಳದ್ದು ಹೋಗಿದೆ.

ತಜ್ಞೆ: ಆ ಎರಡೂ ತಿಂಗಳ ಫೈಲ್‌ಗಳನ್ನು ಅದೇ 2016ರ ಯಂತ್ರದಲ್ಲಿ ತೆರೆದು, ಸೊನ್ನೆ ಇರುವ ಸಾಲುಗಳನ್ನು ಫಿಲ್ಟರ್ ಮಾಡಿ. ಇವತ್ತೇ.